ಪಂಡಿತ್ ಸುಂದರಲಾಲ್ ಬರೆದಿದ್ದೇನು, ನಾವು ಓದಿದ್ದೇನು?

ಸೆಪ್ಟೆಂಬರ್ 17 ಬಂತು ಅಂದ್ರೆ ನಮ್ಮ ಸ್ಟುಡಿಯೋಗಳಲ್ಲಿ ಒಂದು ಚರ್ಚೆ ಗ್ಯಾರಂಟಿ. ಆವತ್ತು ಬೀದರ್, ಕಲಬುರಗಿ, ರಾಯಚೂರು ಕಡೆ ಧ್ವಜ ಹಾರಿಸ್ತಾರೆ. ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅಂತಿದ್ವಿ, 2019ರಿಂದ ಸರ್ಕಾರ ಅದನ್ನ ಕಲ್ಯಾಣ ಕರ್ನಾಟಕ ಉತ್ಸವ ದಿನ ಅಂತ ಕರೀತಿದೆ. ಸಂಜೆ ಪರದೆ ಮೇಲೆ ನಾಲ್ಕು ಕಿಟಕಿ, ನಾಲ್ಕು ಮುಖ. 1948ರಲ್ಲಿ ಆಗಿದ್ದು ವಿಮೋಚನೆಯೋ, ವಿಲೀನವೋ? ಹತ್ತು ನಿಮಿಷ ಕಳೆಯೋದ್ರೊಳಗೆ ಒಬ್ಬರು 'ಸುಂದರಲಾಲ್ ವರದಿ ಓದಿ' ಅಂತಾರೆ. ಇನ್ನೊಬ್ಬರು 'ಅದೊಂದು ಸುಳ್ಳಿನ ಕಂತೆ' ಅಂತಾರೆ. ಅಷ್ಟರಲ್ಲಿ ಬ್ರೇಕ್ ಟೈಮ್ ಆಗಿರುತ್ತೆ.

ಬ್ರೇಕ್ ಮುಗಿದ ಮೇಲೆ ಚರ್ಚೆ ಬೇರೆ ಕಡೆ ಹೋಗಿರುತ್ತೆ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಮಾತ್ರ ಮೆಸೇಜ್ ಬರ್ತಾನೇ ಇರ್ತಾವೆ. 'ಯಾರ್ರೀ ಆ ಸುಂದರಲಾಲ್? ನಮ್ಮ ಜಿಲ್ಲೆ ಬಗ್ಗೆ ಏನು ಬರೆದಾರ? ಆ ವರದಿ ಎಲ್ಲೈತಿ?' ನ್ಯಾಯವಾದ ಪ್ರಶ್ನೆ. ಹೆಸರನ್ನ ಕಲ್ಲಿನ ಹಾಗೆ ಒಬ್ಬರ ಮೇಲೊಬ್ಬರು ಎಸೀತೀವಿ, ಆ ಹೆಸರಿನ ಮನುಷ್ಯ ಯಾರು ಅಂತ ಹೇಳೋದೇ ಇಲ್ಲ.

ಇವತ್ತು ಅದನ್ನೇ ನೋಡೋಣ. ಸುಂದರಲಾಲ್ ಮೂಲತಃ ಒಬ್ಬ ಪತ್ರಕರ್ತ. ದೇಶದ ರಾಜಕಾರಣದ ಬಗ್ಗೆ ಸುಮಾರು ನಲವತ್ತು ವರ್ಷ ಬರೆದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವರು ಹೈದರಾಬಾದ್ ಸಂಸ್ಥಾನಕ್ಕೆ ಬಂದ್ರು. ಅವರು ಬರೆದ ಮೂರು ಮುಖ್ಯ ಬರಹಗಳನ್ನ ಸರ್ಕಾರಗಳು ಜನರ ಕೈಗೆ ಸಿಗದ ಹಾಗೆ ಮಾಡಿದ್ವು. ಎರಡನ್ನ ತಡೆದಿದ್ದು ಬ್ರಿಟಿಷರು. ಮೂರನೇದನ್ನ ತಡೆದಿದ್ದು ನಮ್ಮದೇ ಸರ್ಕಾರ. ಆ ಮೂರನೇದರಲ್ಲಿ ಬೀದರ್ ಇದೆ.

ಹೆದ್ದಾರಿ ಮೇಲಿನ ಇತಿಹಾಸ

ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ. ಸೋಲಾಪುರದಿಂದ ಹೈದರಾಬಾದಿಗೆ ಹೋಗೋ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 65. ನಳದುರ್ಗ, ಉಮರ್ಗಾ ದಾಟಿ ಕರ್ನಾಟಕದೊಳಗೆ ಬಂದ್ರೆ ಬಸವಕಲ್ಯಾಣದ ತಿರುವು ಸಿಗುತ್ತೆ. ಮುಂದೆ ರಾಜೇಶ್ವರ, ಆಮೇಲೆ ಹುಮನಾಬಾದ್, ಅಲ್ಲಿಂದ ಜಹೀರಾಬಾದ್. ಇವತ್ತು ಲಾರಿಗಳು ಸಾಲುಗಟ್ಟಿ ಹೋಗೋ ಇದೇ ದಾರಿಯಲ್ಲಿ 1948ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸೇನೆಯ ಟ್ಯಾಂಕುಗಳು ಬಂದಿದ್ವು.

ಆಗ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಒಂದು. ಬಸವಕಲ್ಯಾಣದ ಹೆಸರು ಆಗಿನ್ನೂ ಕಲ್ಯಾಣಿ, ನವಾಬರ ಜಾಗೀರು. 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು ಅಂತ ದೇಶವೆಲ್ಲ ಸಿಹಿ ಹಂಚಿದ್ರೂ ಈ ಊರುಗಳಿಗೆ ಆ ಸಿಹಿ ಸಿಗೋಕೆ ಇನ್ನೂ ಹದಿಮೂರು ತಿಂಗಳು ಬೇಕಾಯ್ತು. ನಿಜಾಮರು ಭಾರತಕ್ಕೆ ಸೇರೋದಕ್ಕೆ ಒಪ್ಪಲಿಲ್ಲ. ಲಾತೂರಿನ ವಕೀಲ ಖಾಸಿಂ ರಜ್ವಿ ಮುಂದಾಳತ್ವದಲ್ಲಿ ರಜಾಕಾರರ ಪಡೆ ಬೆಳೀತು.

ಆ ಹದಿಮೂರು ತಿಂಗಳು ಹೇಗಿತ್ತು ಅನ್ನೋದಕ್ಕೆ ಬಸವಕಲ್ಯಾಣ ತಾಲೂಕಿನ ಗೋರ್ಟಾ ಗ್ರಾಮದ ಹೆಸರೊಂದೇ ಸಾಕು. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಊರಿಗೆ ನುಗ್ಗಿ ಜನರನ್ನ ಕೊಂದ್ರು. ಮನೆಮನೆಯಲ್ಲೂ ಹೆಣ ಬಿತ್ತು ಅಂತ ಊರಿನವರು ಇವತ್ತಿಗೂ ಹೇಳ್ತಾರೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅಲ್ಲಿಗೆ ಬಂದು ಹುತಾತ್ಮರ ಸ್ಮಾರಕ ಉದ್ಘಾಟನೆ ಮಾಡಿದಾಗ ನಮ್ಮ ಕ್ಯಾಮೆರಾಗಳೂ ಅಲ್ಲಿದ್ವು.

ಆ ದಿನಗಳಲ್ಲಿ ಪತ್ರಕರ್ತರ ಪಾಡು ಏನಾಗಿತ್ತು ಗೊತ್ತಾ? ಹೈದರಾಬಾದಿನಲ್ಲಿ 'ಇಮ್ರೋಜ್' ಅನ್ನೋ ಉರ್ದು ಪತ್ರಿಕೆ ಇತ್ತು. ಸಂಪಾದಕ ಶೋಯೆಬುಲ್ಲಾ ಖಾನ್. ಇನ್ನೂ ಮೂವತ್ತು ತುಂಬಿರಲಿಲ್ಲ. ಹೈದರಾಬಾದ್ ಭಾರತದೊಳಗೇ ಸೇರಬೇಕು, ರಜಾಕಾರರು ಮಾಡ್ತಿರೋದು ತಪ್ಪು ಅಂತ ಉರ್ದುವಿನಲ್ಲೇ, ತಮ್ಮದೇ ಸಮುದಾಯದ ಓದುಗರಿಗೆ ಬರೀತಿದ್ರು. 1948ರ ಆಗಸ್ಟ್ 21ರ ರಾತ್ರಿ, ಪತ್ರಿಕೆ ಕೆಲಸ ಮುಗಿಸಿ ಮನೆಗೆ ಹೋಗ್ತಿದ್ದಾಗ ಅವರನ್ನ ಗುಂಡಿಟ್ಟು, ಕೈ ಕತ್ತರಿಸಿ ಕೊಂದ್ರು. ಬರೆದ ಕೈಗೆ ಕೊಟ್ಟ ಶಿಕ್ಷೆ ಅದು.

ಇದಾಗಿ ನಾಲ್ಕು ವಾರದೊಳಗೆ, ಸೆಪ್ಟೆಂಬರ್ 13ಕ್ಕೆ, 'ಆಪರೇಷನ್ ಪೋಲೊ' ಶುರುವಾಯ್ತು. ಜನ ಅದನ್ನ ಪೊಲೀಸ್ ಆಕ್ಷನ್ ಅಂತಲೇ ಕರೀತಾರೆ. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೋಲಾಪುರದ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್ ದಾಟಿ ಜಹೀರಾಬಾದ್ ಕಡೆ ನಡೀತು. 17ರ ಹೊತ್ತಿಗೆ ಬೀದರ್ ಕೂಡ ಸೇನೆಯ ಕೈಯಲ್ಲಿತ್ತು. ಅವತ್ತೇ ಸಂಜೆ ನಿಜಾಮರು ಕದನ ನಿಲ್ಲಿಸಿದ್ರು. ಐದು ದಿನದ ಕೆಲಸ.

ನಮ್ಮ ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತೆ. ಸುಂದರಲಾಲ್ ಅವರ ಕೆಲಸ ಶುರುವಾಗೋದು ಇಲ್ಲಿಂದ.

ಯಾರು ಈ ಸುಂದರಲಾಲ್?

ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಖತೌಲಿಯವರು. ಓದಿದ್ದು ಅಲಹಾಬಾದಿನಲ್ಲಿ. 1909ರಲ್ಲಿ 'ಕರ್ಮಯೋಗಿ' ಅನ್ನೋ ಹಿಂದಿ ಪತ್ರಿಕೆ ಶುರು ಮಾಡಿದಾಗ ಅವರಿಗೆ ಇಪ್ಪತ್ತೈದೂ ಆಗಿರಲಿಲ್ಲ. ಲೋಕಮಾನ್ಯ ತಿಲಕರ ಪ್ರಭಾವ ಗಾಢವಾಗಿದ್ದ ಕಾಲ. ಮಾತು ಖಾರ, ಬರಹ ಅದಕ್ಕಿಂತ ಖಾರ. 1910ರಲ್ಲಿ ಬ್ರಿಟಿಷರು ಪತ್ರಿಕಾ ಕಾಯ್ದೆ ತಂದು, ಪತ್ರಿಕೆ ನಡೆಸೋರು ಜಾಮೀನು ಹಣ ಕಟ್ಟಬೇಕು ಅಂದ್ರು. ಕರ್ಮಯೋಗಿ ಬಾಳಿದ್ದು ಸ್ವಲ್ಪ ಕಾಲ. ಆ ಸ್ವಲ್ಪ ಕಾಲದಲ್ಲೇ ಅದಕ್ಕೆ ಬರೆದ ಹುಡುಗರಲ್ಲಿ ಒಬ್ಬರು ಗಣೇಶ್ ಶಂಕರ್ ವಿದ್ಯಾರ್ಥಿ. ಈ ಹೆಸರು ನೆನಪಿಟ್ಕೊಳ್ಳಿ, ಇನ್ನೊಮ್ಮೆ ಬರುತ್ತೆ.

ಆಮೇಲೆ ಗಾಂಧೀಜಿ ಬಂದ್ರು. ಸುಂದರಲಾಲ್ ಅಸಹಕಾರ ಚಳವಳಿಗೆ ಇಳಿದ್ರು. 1923ರ ಧ್ವಜ ಸತ್ಯಾಗ್ರಹದ ಹೊತ್ತಿಗೆ ಜಬಲ್ಪುರದಲ್ಲಿ ಮುಂದಾಳಾಗಿದ್ರು. 'ಭವಿಷ್ಯ' ಅನ್ನೋ ಪತ್ರಿಕೆ ನಡೆಸಿದ್ರು. ಜೈಲಿಗೆ ಹೋಗಿಬಂದ್ರು. ಈ ಮಧ್ಯೆ ಒಂದು ದೊಡ್ಡ ಪುಸ್ತಕಕ್ಕೆ ಕೈ ಹಾಕಿದ್ರು.

ಅದೇ 'ಭಾರತ್ ಮೇ ಅಂಗ್ರೇಜಿ ರಾಜ್'. ಭಾರತದಲ್ಲಿ ಇಂಗ್ಲಿಷರ ಆಳ್ವಿಕೆ ಹೇಗೆ ಬೇರೂರಿತು ಅನ್ನೋದರ ಇತಿಹಾಸ. ಕಂಪನಿ ವ್ಯಾಪಾರಕ್ಕೆ ಬಂದು ರಾಜ್ಯ ಕಟ್ಟಿದ್ದು, ಒಬ್ಬ ರಾಜನ ಮೇಲೆ ಇನ್ನೊಬ್ಬನನ್ನ ಎತ್ತಿಕಟ್ಟಿದ್ದು, ಕೈಮಗ್ಗ ನಿಂತಿದ್ದು, 1857ರ ಹೋರಾಟ, ಎಲ್ಲ ಅದರಲ್ಲಿದೆ. 1929ರ ಮಾರ್ಚ್‌ನಲ್ಲಿ ಪುಸ್ತಕ ಹೊರಬಂತು. ವಾರ ತುಂಬೋ ಮೊದಲೇ ಸರ್ಕಾರ ನಿಷೇಧ ಹಾಕಿತು. ಪೊಲೀಸರು ಹುಡುಕಿಕೊಂಡು ಬರೋ ಹೊತ್ತಿಗೆ ಹೆಚ್ಚಿನ ಪ್ರತಿಗಳು ಓದುಗರ ಕೈ ಸೇರಿಬಿಟ್ಟಿದ್ವು. ಗಾಂಧೀಜಿ ತಮ್ಮ ಪತ್ರಿಕೆಯಲ್ಲೇ ಈ ನಿಷೇಧವನ್ನ ಟೀಕಿಸಿದ್ರು. 1937ರಲ್ಲಿ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲಷ್ಟೇ ನಿಷೇಧ ತೆರವಾಯ್ತು. ಇದು ಮೊದಲನೇ ಬರಹ.

ಕಾನ್ಪುರದ ಪಾಠ

1931ರ ಮಾರ್ಚ್. ಭಗತ್ ಸಿಂಗ್ ಅವರನ್ನ ಗಲ್ಲಿಗೇರಿಸಿದ ಮಾರನೇ ದಿನದಿಂದ ಕಾನ್ಪುರದಲ್ಲಿ ಹಿಂದೂ-ಮುಸ್ಲಿಂ ಗಲಭೆ ಹತ್ತಿಕೊಂಡಿತು. ಜನರನ್ನ ಬಿಡಿಸೋಕೆ, ಎರಡೂ ಕಡೆಯವರನ್ನ ಉಳಿಸೋಕೆ ಬೀದಿಗಿಳಿದಿದ್ದ 'ಪ್ರತಾಪ್' ಪತ್ರಿಕೆಯ ಸಂಪಾದಕರನ್ನೇ ಗುಂಪು ಕೊಂದುಹಾಕಿತು. ಆ ಸಂಪಾದಕರೇ ಗಣೇಶ್ ಶಂಕರ್ ವಿದ್ಯಾರ್ಥಿ, ಒಂದು ಕಾಲದಲ್ಲಿ ಕರ್ಮಯೋಗಿಗೆ ಬರೀತಿದ್ದ ಹುಡುಗ.

ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಒಂದು ವಿಚಾರಣಾ ಸಮಿತಿ ಮಾಡಿತು. ಅಧ್ಯಕ್ಷರು ಡಾ. ಭಗವಾನ್ ದಾಸ್, ಕಾರ್ಯದರ್ಶಿ ಪಂಡಿತ್ ಸುಂದರಲಾಲ್. ಗಲಭೆ ಹೇಗಾಯ್ತು ಅಂತ ಪಟ್ಟಿ ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಸಮಿತಿ ಹಾಗೆ ಮಾಡಲಿಲ್ಲ. ನೂರಾರು ವರ್ಷ ಜೊತೆಯಲ್ಲಿ ಬಾಳಿದವರ ನಡುವೆ ಈ ದ್ವೇಷ ಯಾವಾಗ, ಯಾರಿಂದ, ಯಾವ ಲಾಭಕ್ಕೆ ಬೆಳೀತು ಅಂತ ಹಿಂದಕ್ಕೆ ಹೋಗಿ ಹುಡುಕಿತು. ಬ್ರಿಟಿಷ್ ಸರ್ಕಾರ ಆ ವರದಿಯನ್ನೂ ಮುಟ್ಟುಗೋಲು ಹಾಕಿಕೊಂಡಿತು. ಇದು ಎರಡನೇ ಬರಹ.

ಇಲ್ಲೊಂದು ವಿಷಯ ಗಮನಿಸಿ. ಸುಂದರಲಾಲ್ ಕೇವಲ ಭಾಷಣಕಾರ ಅಲ್ಲ. 1948ರ ಹೊತ್ತಿಗೆ ಗಲಭೆಯಾದ ಜಾಗಕ್ಕೆ ಹೋಗೋದು, ಎರಡೂ ಕಡೆಯವರನ್ನ ಕೂರಿಸಿಕೊಂಡು ಕೇಳೋದು, ಕೇಳಿದ್ದನ್ನ ಅಳೆದು ತೂಗಿ ಬರೆಯೋದು ಅವರಿಗೆ ಗೊತ್ತಿದ್ದ ಕೆಲಸ. 'ನಯಾ ಹಿಂದ್' ಅನ್ನೋ ಪತ್ರಿಕೆ, ಗೀತೆ ಮತ್ತು ಕುರಾನ್ ಎರಡನ್ನೂ ಒಟ್ಟಿಗೆ ಇಟ್ಟು ಬರೆದ ಪುಸ್ತಕ, ಇವೆಲ್ಲ ಅದೇ ದಾರಿಯಲ್ಲಿ ಬಂದವು.

23 ದಿನ, 9 ಜಿಲ್ಲೆ

ಸೇನೆ ಬಂದ ಮೇಲೆ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಿಂದ ದೆಹಲಿಗೆ ಬೇರೆ ರೀತಿಯ ಸುದ್ದಿ ಬರೋಕೆ ಶುರುವಾಯ್ತು. ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಮುಸ್ಲಿಮರ ಮೇಲೆ ತಿರುಗಿದೆ, ಕೊಲೆ, ಲೂಟಿ, ಬೆಂಕಿ ನಡೀತಿದೆ ಅಂತ. ಪ್ರಧಾನಿ ನೆಹರೂ ಅವರ ಮಾತಿನ ಮೇಲೆ ಒಂದು ತಂಡ ಹೊರಟಿತು. ಸದ್ಭಾವನೆ ಮೂಡಿಸೋದು, ನಡೆದಿದ್ದನ್ನ ತಿಳಿದು ಬಂದು ಹೇಳೋದು ಅದರ ಕೆಲಸ.

ತಂಡದ ಮುಖ್ಯಸ್ಥರು ಸುಂದರಲಾಲ್. ಜೊತೆಗೆ ಖಾಜಿ ಅಬ್ದುಲ್ ಗಫಾರ್, ಅವರೂ ಪತ್ರಕರ್ತರೇ. ಮೌಲಾನಾ ಮೊಹಮ್ಮದ್ ಅಲಿ ಅವರ 'ಹಮ್‌ದರ್ದ್' ಪತ್ರಿಕೆಯಲ್ಲಿ ಪಳಗಿದವರು. ಹೈದರಾಬಾದಿನಲ್ಲೇ 'ಪಯಾಮ್' ಅನ್ನೋ ಉರ್ದು ದಿನಪತ್ರಿಕೆ ನಡೆಸಿ ಈ ನೆಲದ ಪರಿಚಯ ಚೆನ್ನಾಗಿದ್ದವರು. ಅಂದ್ರೆ ನೋಡಿ, ಹಿಂದಿ ಪತ್ರಿಕೋದ್ಯಮದ ಒಬ್ಬ ಹಿರಿಯ, ಉರ್ದು ಪತ್ರಿಕೋದ್ಯಮದ ಒಬ್ಬ ಹಿರಿಯ, ಇಬ್ಬರೂ ಒಟ್ಟಿಗೆ ಹಳ್ಳಿ ಸುತ್ತೋಕೆ ಹೊರಟ್ರು.

1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಪ್ರವಾಸ. ಹದಿನಾರರಲ್ಲಿ ಒಂಬತ್ತು ಜಿಲ್ಲೆ. ಏಳು ಜಿಲ್ಲಾ ಕೇಂದ್ರ, 21 ಪಟ್ಟಣ, 23 ಹಳ್ಳಿ. ತಾವು ಹೋಗೋಕೆ ಆಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ರು. ಊರೂರಲ್ಲಿ ಸಭೆ ಮಾಡಿ ಶಾಂತಿಯ ಮಾತಾಡಿದ್ರು. ಬಂದು ವರದಿ ಕೊಟ್ರು.

ವರದಿಯಲ್ಲಿದ್ದ ಮುಖ್ಯ ಅಂಶ ಇದು: ಪೊಲೀಸ್ ಆಕ್ಷನ್ ನಡೆಯುವಾಗ ಮತ್ತು ಆಮೇಲೆ ಇಡೀ ಸಂಸ್ಥಾನದಲ್ಲಿ ಪ್ರಾಣ ಕಳೆದುಕೊಂಡವರು ಕಡಿಮೆ ಅಂದ್ರೆ 27,000, ಹೆಚ್ಚು ಅಂದ್ರೆ 40,000. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆ ಇಲ್ಲದಷ್ಟು ಸಾವು. ಲೂಟಿಯಲ್ಲಿ, ಕೆಲವು ಕಡೆ ಕೊಲೆಯಲ್ಲೂ ಸೇನೆ ಮತ್ತು ಸ್ಥಳೀಯ ಪೊಲೀಸರಲ್ಲಿ ಕೆಲವರು ಪಾಲ್ಗೊಂಡಿದ್ದು ತಮಗೆ ಖಚಿತವಾಗಿದೆ ಅಂತ ತಂಡ ಬರೆದಿದೆ.

ಈ ಸಂಖ್ಯೆಯನ್ನ ಹೇಗೆ ಓದಬೇಕು? ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಲ್ಲಿ ಮೊದಲು ಕಲಿಸೋ ಪಾಠ, ಅಳತೆ ಬರೆದ್ರೆ ಅದರ ಪಕ್ಕ ಎಷ್ಟು ಹೆಚ್ಚು-ಕಮ್ಮಿ ಆಗಬಹುದು ಅನ್ನೋದನ್ನೂ ಬರೀಬೇಕು. 27,000ಕ್ಕೂ 40,000ಕ್ಕೂ ನಡುವೆ 13,000 ವ್ಯತ್ಯಾಸ. ಅಂದ್ರೆ ಇದು ಹೆಣ ಎಣಿಸಿ ಬರೆದ ಲೆಕ್ಕ ಅಲ್ಲ, ಅಂದಾಜು. ಸುಮಾರು 1.6 ಕೋಟಿ ಜನರಿದ್ದ ಸಂಸ್ಥಾನವನ್ನ ಬೆರಳೆಣಿಕೆಯ ಜನ 23 ದಿನದಲ್ಲಿ ಸುತ್ತಿ, ಕೇಳಿ, ಹೋಲಿಸಿ ಮಾಡಿದ ಅಂದಾಜು. 40,000ವನ್ನೇ ಹಿಡಿದು ಕೂಗೋರು ತಂಡ ಬರೆದ ಇನ್ನೊಂದು ತುದಿಯನ್ನ ಬಿಟ್ಟುಬಿಡ್ತಾರೆ. ಅಂದಾಜು ತಾನೇ ಅಂತ ಇಡೀ ವರದಿಯನ್ನೇ ಕಸದ ಬುಟ್ಟಿಗೆ ಹಾಕೋರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಅಂದಾಜು ಸರಿಯಿಲ್ಲ ಅಂತಾದ್ರೆ ಮತ್ತೆ ಅಳೀಬೇಕಿತ್ತು, ಯಾಕೆ ಅಳೀಲಿಲ್ಲ? ಆವತ್ತು ಸಾಕ್ಷಿಗಳು ಬದುಕಿದ್ರು, ಸುಟ್ಟ ಮನೆಗಳು ಹಾಗೇ ನಿಂತಿದ್ವು.

ಯಾರೂ ಉಲ್ಲೇಖ ಮಾಡದ ಪುಟಗಳು

ಚರ್ಚೆಗಳಲ್ಲಿ ಸಾವಿನ ಸಂಖ್ಯೆ ಬಿಟ್ರೆ ವರದಿಯ ಬೇರೆ ಭಾಗ ಬರೋದೇ ಇಲ್ಲ. ಅದರಲ್ಲಿ ಇನ್ನೆರಡು ವಿಷಯ ಇದೆ.

ಒಂದು, ರಜಾಕಾರರ ಬಗ್ಗೆ. ಊರೂರಿಗೆ ಹಣದ ವಸೂಲಿ ಹಾಕಿದ್ದು, ಕೊಡದ ಕಡೆ ಲೂಟಿ ಮಾಡಿದ್ದು, ಕೊಲೆ, ಬೆಂಕಿ, ಹೆಣ್ಣುಮಕ್ಕಳ ಅಪಹರಣ, ಇವೆಲ್ಲ ನಡೆದಿದ್ದನ್ನ ವರದಿ ಹೇಳುತ್ತೆ. ಆಮೇಲಿನ ಹಿಂಸೆ ಇದರ ಪ್ರತೀಕಾರವಾಗಿ ಎದ್ದಿದ್ದು ಅನ್ನೋದನ್ನೂ ಮುಚ್ಚಿಡೋದಿಲ್ಲ. ಆದರೆ ಪ್ರತೀಕಾರಕ್ಕೆ ಬಲಿಯಾದವರಲ್ಲಿ ಬಹಳಷ್ಟು ಜನ ರಜಾಕಾರರಲ್ಲ, ಅವರ ತಪ್ಪಿಗೆ ಇವರು ತಲೆ ಕೊಟ್ಟರು ಅನ್ನೋದು ಅದರ ನೋವು.

ಎರಡು, ನೆರೆಹೊರೆಯವರ ಬಗ್ಗೆ. ತಮ್ಮ ಜೀವ ಪಣಕ್ಕಿಟ್ಟು ಮುಸ್ಲಿಂ ಕುಟುಂಬಗಳನ್ನ ಉಳಿಸಿದ ಹಿಂದೂಗಳ ಉದಾಹರಣೆಗಳನ್ನ ತಂಡ ಕಾಳಜಿಯಿಂದ ಬರೆದುಕೊಂಡಿದೆ. ಅದರಲ್ಲೂ ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಗಟ್ಟಿಯಾಗಿತ್ತಂತೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ತಮ್ಮವರಿಗೇ ಎದುರು ನಿಂತಿದ್ದುಂಟು. ಮಗ್ಗದ ಪಕ್ಕ ಮಗ್ಗ ಹಾಕಿ ಕೂತವರಿಗೆ ಪಕ್ಕದವನು ಎಂಥವನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಷ, ಪಡೆ, ಧ್ವಜ ಎಲ್ಲಕ್ಕಿಂತ ಆ ಪರಿಚಯ ದೊಡ್ಡದಾಗಿತ್ತು. ಟಿವಿ ಚರ್ಚೆಯಲ್ಲಿ ನೇಕಾರರ ಈ ಮಾತನ್ನ ಯಾರಾದ್ರೂ ಎತ್ತಿದ್ದು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಎರಡೂ ಪಾಳಯಕ್ಕೆ ಅದು ಕೆಲಸಕ್ಕೆ ಬರೋದಿಲ್ಲವಲ್ಲ.

ಕಡತ ಮುಚ್ಚಿದ್ದು ಯಾಕೆ?

ವರದಿ ನೆಹರೂ ಮತ್ತು ಗೃಹಮಂತ್ರಿ ಸರ್ದಾರ್ ಪಟೇಲ್ ಕೈ ಸೇರಿತು. ಪಟೇಲರು ಒಪ್ಪಲಿಲ್ಲ. ತನಿಖೆ ಮಾಡೋದಕ್ಕೆ ಸರ್ಕಾರ ಇವರನ್ನ ಕಳಿಸಿಯೇ ಇರಲಿಲ್ಲ ಅನ್ನೋದು ಅವರ ನಿಲುವು. ರಜಾಕಾರರ ದೌರ್ಜನ್ಯಕ್ಕೆ ವರದಿ ಕೊಡಬೇಕಾದ ತೂಕ ಕೊಟ್ಟಿಲ್ಲ ಅನ್ನೋದು ಇನ್ನೊಂದು ಆಕ್ಷೇಪ.

ಪಟೇಲರ ಕಡೆಯಿಂದಲೂ ಒಮ್ಮೆ ಯೋಚಿಸೋಣ. ಆಗ ದೇಶ ಯಾವ ಸ್ಥಿತಿಯಲ್ಲಿತ್ತು? ವಿಭಜನೆಯ ರಕ್ತ ಇನ್ನೂ ಒಣಗಿರಲಿಲ್ಲ. ಗಾಂಧೀಜಿ ಹತ್ಯೆಯಾಗಿ ವರ್ಷ ತುಂಬಿರಲಿಲ್ಲ. ಕಾಶ್ಮೀರದಲ್ಲಿ ಯುದ್ಧ. ಹೈದರಾಬಾದ್ ವಿಷಯ ವಿಶ್ವಸಂಸ್ಥೆಯ ಬಾಗಿಲು ತಟ್ಟಿತ್ತು. ಇಂಥ ಹೊತ್ತಲ್ಲಿ ನಮ್ಮ ಸೇನೆಯ ಮೇಲೇ ಆರೋಪ ಇರೋ ವರದಿ ಹೊರಗೆ ಬಂದ್ರೆ ಮತ್ತೆ ಬೆಂಕಿ ಹತ್ತಬಹುದು ಅನ್ನೋ ಆತಂಕ ಬರೀ ನೆಪ ಅಂತ ತಳ್ಳಿಹಾಕೋಕೆ ಆಗೋದಿಲ್ಲ. ಗೋರ್ಟಾದಂಥ ಊರಿನಲ್ಲಿ ಹೆಣ ಎತ್ತಿದವರಿಗೆ ಆ ವರದಿ ಪೂರ್ತಿ ನ್ಯಾಯ ಕೊಟ್ಟಿತ್ತಾ ಅನ್ನೋ ಪ್ರಶ್ನೆಯೂ ಕೇಳಬೇಕಾದ್ದೇ.

ಆದರೆ ಒಂದು ವರ್ಷಕ್ಕೆ ಮುಚ್ಚಿಡೋದು ಬೇರೆ, ದಶಕಗಳ ಕಾಲ ಮುಚ್ಚಿಡೋದು ಬೇರೆ. ವರದಿಯಲ್ಲಿ ಕೊರತೆ ಇತ್ತು ಅಂದ್ರೆ ಅದನ್ನ ತುಂಬೋದಕ್ಕೆ ಇನ್ನೊಂದು ತಂಡ ಕಳಿಸಬಹುದಿತ್ತು, ರಜಾಕಾರರ ಅಪರಾಧದ ಬಗ್ಗೆಯೂ ಹಳ್ಳಿಹಳ್ಳಿಯ ದಾಖಲೆ ಮಾಡಿಸಬಹುದಿತ್ತು. ಎರಡನ್ನೂ ಒಟ್ಟಿಗೆ ಪ್ರಕಟಿಸಬಹುದಿತ್ತು. ಕಡತ ಮುಚ್ಚಿದ್ರಿಂದ ನಷ್ಟ ಯಾರಿಗಾಯ್ತು? ಇಬ್ಬರಿಗೂ. ಒಂದು ಕಡೆಯವರಿಗೆ ತಮ್ಮ ಸಾವಿನ ಲೆಕ್ಕ ಸಿಗಲಿಲ್ಲ. ಇನ್ನೊಂದು ಕಡೆಯವರಿಗೆ ತಮ್ಮ ಊರಿನ ಸಾವು ಸರಿಯಾಗಿ ದಾಖಲೆಯಾಗಲೇ ಇಲ್ಲ, ಭಾಷಣಕ್ಕೆ ಸರಕಾಯ್ತು ಅಷ್ಟೇ.

ಕಡತ ಮುಚ್ಚಿದ ಮೇಲೂ ಸುಂದರಲಾಲ್ ಸುಮ್ಮನೆ ಕೂರಲಿಲ್ಲ. 1951ರಲ್ಲಿ ಭಾರತದ ಸದ್ಭಾವನಾ ನಿಯೋಗದ ಮುಖ್ಯಸ್ಥರಾಗಿ ಚೀನಾಕ್ಕೆ ಹೋಗಿಬಂದು ಆ ದೇಶದ ಬಗ್ಗೆ ಪುಸ್ತಕ ಬರೆದ್ರು. ಶಾಂತಿ ಚಳವಳಿಯಲ್ಲಿ ಓಡಾಡಿದ್ರು. 1981ರಲ್ಲಿ, ತೊಂಬತ್ತು ದಾಟಿದ ವಯಸ್ಸಲ್ಲಿ ತೀರಿಕೊಂಡ್ರು. ಅಲ್ಲಿಯವರೆಗೂ ಹೈದರಾಬಾದ್ ವರದಿಯನ್ನ ಸರ್ಕಾರ ಪ್ರಕಟಿಸಲಿಲ್ಲ. 1988ರಲ್ಲಿ ಹೈದರಾಬಾದ್ ಮೂಲದ ವಿದ್ವಾಂಸ ಒಮರ್ ಖಾಲಿದಿ ಅಮೆರಿಕದಲ್ಲಿದ್ದುಕೊಂಡು ತಂದ ಪುಸ್ತಕದಲ್ಲಿ ಅದರ ಭಾಗ ಹೊರಗೆ ಬಂತು. ಆಮೇಲೆ ಎ.ಜಿ. ನೂರಾನಿ ಬರೆದ್ರು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನ ನೋಡಬಹುದು ಅಂತ 2013ರಲ್ಲಿ ಬಿಬಿಸಿ ಸುದ್ದಿ ಮಾಡಿದ ಮೇಲೆ ನಮ್ಮಂಥ ಚಾನೆಲ್‌ಗಳಿಗೂ ಅದರ ಹೆಸರು ಗೊತ್ತಾಯ್ತು.

ಇಲ್ಲಿ ಇನ್ನೊಂದು ಮಾತು. ಬ್ರಿಟಿಷರು ನಿಷೇಧಿಸಿದ್ದ 'ಭಾರತ್ ಮೇ ಅಂಗ್ರೇಜಿ ರಾಜ್' ಪುಸ್ತಕವನ್ನ ಸ್ವಾತಂತ್ರ್ಯದ ನಂತರ ಭಾರತ ಸರ್ಕಾರದ ಪ್ರಕಟಣಾ ವಿಭಾಗವೇ ಮುದ್ರಿಸಿತು. ಬ್ರಿಟಿಷರು ಮುಟ್ಟುಗೋಲು ಹಾಕಿದ್ದ ಕಾನ್ಪುರ ವರದಿಯನ್ನ 2006ರಲ್ಲಿ ಸರ್ಕಾರದ್ದೇ ಆದ ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂತು. ಬೇರೆಯವರು ಮುಚ್ಚಿಟ್ಟಿದ್ದನ್ನ ತೆಗೆದು ತೋರಿಸೋಕೆ ನಮಗೆ ಹೆಮ್ಮೆ. ನಾವೇ ಮುಚ್ಚಿಟ್ಟಿದ್ದು ಮಾತ್ರ ಖಾಸಗಿ ಪ್ರಕಾಶಕರ ಕೈಯಿಂದ, ಗ್ರಂಥಾಲಯದ ಮೂಲೆಯಿಂದ ಹೊರಗೆ ಬರಬೇಕಾಯ್ತು.

ಒಬ್ಬ ಪತ್ರಕರ್ತನ ಬರಹವನ್ನ ಒಟ್ಟಾಗಿ ಯಾಕೆ ಓದಬೇಕು?

ಸುಂದರಲಾಲ್ ಅವರ ಒಂದೇ ಬರಹ ಓದಿದ್ರೆ ನಮಗೆ ಬೇಕಾದ ಸುಂದರಲಾಲ್ ಸಿಗ್ತಾರೆ. 1929ರ ಪುಸ್ತಕ ಮಾತ್ರ ಓದಿದ್ರೆ ಬ್ರಿಟಿಷರ ವಿರುದ್ಧ ಗುಡುಗಿದ ದೇಶಭಕ್ತ. 1948ರ ವರದಿ ಮಾತ್ರ ಓದಿದ್ರೆ ಕೆಲವರಿಗೆ ಸತ್ಯವಂತ, ಕೆಲವರಿಗೆ ಒಂದು ಸಮುದಾಯದ ಪರ ವಕೀಲ. ಮೂರನ್ನೂ ಸಾಲಾಗಿ ಇಟ್ಟು ಓದಿದಾಗ ಅವರ ಕೆಲಸದ ರೀತಿ ಕಾಣುತ್ತೆ. ಅಧಿಕಾರದಲ್ಲಿ ಇರೋರು ಯಾರೇ ಇರಲಿ, ಅವರಿಂದ ಪೆಟ್ಟು ತಿಂದವನ ಹತ್ತಿರ ಹೋಗಿ ಕೇಳೋದು. 1929ರಲ್ಲಿ ಅಧಿಕಾರ ಇಂಗ್ಲಿಷರದು, ಚಪ್ಪಾಳೆ ಬಿತ್ತು. 1948ರಲ್ಲಿ ಅಧಿಕಾರ ತಮ್ಮದೇ ಸ್ನೇಹಿತರದು, ಜೈಲಲ್ಲಿ ಜೊತೆಗಿದ್ದವರದು. ಆಗಲೂ ಅವರು ಅದೇ ಕೆಲಸ ಮಾಡಿದ್ರು. ಕಷ್ಟ ಇದ್ದಿದ್ದು ಈ ಎರಡನೇದರಲ್ಲಿ.

ಶೋಯೆಬುಲ್ಲಾ ಖಾನ್ ಮಾಡಿದ್ದೂ ಅದನ್ನೇ. ತನ್ನ ಸುತ್ತಲಿನವರಿಗೆ ಇಷ್ಟವಿಲ್ಲದ್ದನ್ನ ಅವರ ಭಾಷೆಯಲ್ಲೇ ಬರೆದ. ಒಬ್ಬರ ಜೀವ ಹೋಯ್ತು, ಇನ್ನೊಬ್ಬರ ವರದಿ ಕಡತಕ್ಕೆ ಹೋಯ್ತು. ಸೆಪ್ಟೆಂಬರ್ 17ರ ಚರ್ಚೆಯಲ್ಲಿ ಒಂದು ಪಾಳಯ ಶೋಯೆಬುಲ್ಲಾ ಹೆಸರು ಹೇಳುತ್ತೆ, ಇನ್ನೊಂದು ಪಾಳಯ ಸುಂದರಲಾಲ್ ಹೆಸರು ಹೇಳುತ್ತೆ. ಇಬ್ಬರನ್ನೂ ಒಂದೇ ಉಸಿರಲ್ಲಿ ಹೇಳೋರು ಕಡಿಮೆ. ಹುಮನಾಬಾದಿನಲ್ಲಿ, ಬಸವಕಲ್ಯಾಣದಲ್ಲಿ ಕೂತು ನೋಡಿದ್ರೆ ಇಬ್ಬರೂ ಒಂದೇ ಕಥೆಯ ಪಾತ್ರಗಳು. ಮೇ ತಿಂಗಳ ಗೋರ್ಟಾ, ಸೆಪ್ಟೆಂಬರ್ ನಂತರದ ಹಳ್ಳಿಗಳು, ಎರಡೂ ಒಂದೇ ಜಿಲ್ಲೆ, ಒಂದೇ ವರ್ಷ, ಕೆಲವು ತಿಂಗಳ ಅಂತರ. ಒಂದನ್ನ ಹೇಳಿದ್ರೆ ಇನ್ನೊಂದಕ್ಕೆ ಅವಮಾನ ಅಂತ ನಮಗೆ ಯಾರು ಕಲಿಸಿದ್ರೋ ಗೊತ್ತಿಲ್ಲ.

ನನ್ನ ಕಸುಬಿನವರಿಗೂ ಇದರಲ್ಲಿ ಪಾಠ ಇದೆ. ಹಳ್ಳಿಗೆ ಹೋಗದೆ, ಐದು ಜನರನ್ನೂ ಕೇಳದೆ, ನಾಲ್ಕು ಕಿಟಕಿ ಇಟ್ಟುಕೊ​ಂಡು ಒಂದು ಗಂಟೆ ಕಾರ್ಯಕ್ರಮ ಮಾಡಬಹುದು. ಅರವತ್ತರ ಆಸುಪಾಸಿನ ಆ ಇಬ್ಬರು ಹಿರಿಯರ ಹತ್ತಿರ ಕ್ಯಾಮೆರಾ ಇರಲಿಲ್ಲ, ವ್ಯಾನ್ ಇರಲಿಲ್ಲ. 23 ದಿನ ತಿರುಗಿದ್ರು.

ಹಾಗಾಗಿ ಮುಂದಿನ ಸೆಪ್ಟೆಂಬರ್ 17ಕ್ಕೆ ನಾವು ಚರ್ಚೆ ಶುರು ಮಾಡಿದಾಗ ನೀವು ಮೂರು ಪ್ರಶ್ನೆ ಕೇಳಿ. ಈ ಮಾತು ಹೇಳ್ತಿರೋರು ಆ ಊರಿಗೆ ಹೋಗಿದ್ರಾ? ಎಷ್ಟು ಜನರನ್ನ, ಯಾವ ಯಾವ ಓಣಿಯವರನ್ನ ಮಾತಾಡಿಸಿದ್ರು? ತಮ್ಮ ಕಡೆಯವರಿಗೆ ಕಹಿಯಾಗೋ ಒಂದು ಮಾತಾದ್ರೂ ಹೇಳಿದ್ರಾ? ಮೂರಕ್ಕೂ ಇಲ್ಲ ಅಂತ ಉತ್ತರ ಬಂದ್ರೆ ಚಾನೆಲ್ ಬದಲಾಯಿಸಿ. ನಮ್ಮದಾದ್ರೂ ಸರಿ.

ಇನ್ನೊಂದು ಕೆಲಸ ಇದೆ, ಅದಕ್ಕೆ ನಾವು ಬೇಕಿಲ್ಲ, ನೀವೇ ಸಾಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಚಿಟಗುಪ್ಪ ಕಡೆ ಅಂಥ ಅಜ್ಜ-ಅಜ್ಜಿಯರು ಇನ್ನೂ ಕೆಲವರಿದ್ದಾರೆ. ಬೇಗ ಬೇಗ ಕಡಿಮೆ ಆಗ್ತಿದ್ದಾರೆ. ಮೊಬೈಲ್ ಎಲ್ಲರ ಕೈಲಿದೆ. ಅವರ ಪಕ್ಕ ಕೂತು ರೆಕಾರ್ಡ್ ಮಾಡಿ. ರಜಾಕಾರರು ಬಂದಾಗ ಎಲ್ಲಿ ಅಡಗಿದ್ರಿ? ಸೇನೆ ಬಂದಾಗ ಏನು ನೋಡಿದ್ರಿ? ಯಾರು ಸತ್ರು, ಯಾರು ಯಾರನ್ನ ಉಳಿಸಿದ್ರು? ನಿಮ್ಮ ಮನೆಯ ಅಜ್ಜಿಯ ಮಾತು ಆದ ಮೇಲೆ ಓಣಿ ದಾಟಿ ಆಚೆ ಮನೆಯ ಅಜ್ಜಿಯ ಮಾತೂ ಕೇಳಿ. ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ದಖ್ಖನಿಯಲ್ಲಿರಲಿ.

ಕಲ್ಯಾಣಕ್ಕೆ ಈ ಕೆಲಸ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಇದೇ ಊರು ರಕ್ತ ಕಂಡಾಗ ಶರಣರು ವಚನದ ಕಟ್ಟುಗಳನ್ನ ಹೊತ್ತು ಉಳವಿಯ ಕಾಡಿನವರೆಗೆ ಹೋದ್ರು ಅಂತ ನಾವೆಲ್ಲ ಕೇಳಿ ಬೆಳೆದಿದ್ದೀವಿ. ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರಿಗೆ ಹೋಗೋಕೆ ಆಗಿದ್ದು 23 ಹಳ್ಳಿಗಳಿಗೆ. ಬೀದರ್ ಜಿಲ್ಲೆಯೊಂದರಲ್ಲೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಳ್ಳಿಗಳಿವೆ. ಉಳಿದದ್ದನ್ನ ಕೇಳಿ ಬರೆದಿಡೋಕೆ ನಮಗಿರೋದು ಇನ್ನು ಕೆಲವೇ ವರ್ಷ.